‘ಆಪರೇಟರ್ ಸ್ಪಂದಿಸುತ್ತಾನೆ’: ಸುರಕ್ಷತಾ ಪಟ್ಟಿಯ ಒಂದು ವಾಕ್ಯದ ಓದು

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಪ್ರಬಂಧ. ಮಾತಿನ ಧಾಟಿಯನ್ನು ಹೆಚ್ಚು ಬದಲಿಸದೆ ಬರಹಕ್ಕೆ ಇಳಿಸಿದೆ.)

ಧ್ವನಿ ಕೇಳಿಸ್ತಾ ಇದೆ ಅಂದುಕೊಳ್ಳುತ್ತೇನೆ. ಜತ್ತ ತಾಲೂಕಿನ ನನ್ನ ಊರಿನಿಂದ ಮಾತಾಡ್ತಾ ಇದ್ದೇನೆ, ಕರೆಂಟ್ ಹೋದರೆ ಎರಡು ನಿಮಿಷ ತಡೆಯಿರಿ.

ಇವತ್ತಿನ ವಿಷಯ ಸಾಹಿತ್ಯೇತರ ಪಠ್ಯಗಳ ಓದು. ನಾನು ಒಂದೇ ಒಂದು ವಾಕ್ಯವನ್ನು ತೆಗೆದುಕೊಂಡಿದ್ದೇನೆ. ರಾಸಾಯನಿಕ ಕಾರ್ಖಾನೆ, ಡಿಸ್ಟಿಲರಿ, ಪೆಟ್ರೋಲ್ ಸಂಗ್ರಹಾಗಾರ, ದೊಡ್ಡ ಬಾಯ್ಲರ್ ಇಂಥ ಕಡೆ ಅಪಾಯದ ವಿಶ್ಲೇಷಣೆ ಮಾಡುವಾಗ ಎಂಜಿನಿಯರುಗಳು ಒಂದು ಪಟ್ಟಿ ತುಂಬುತ್ತಾರೆ. ಅದಕ್ಕೆ ‘ಹ್ಯಾಜಾಪ್’ ಎಂದು ಹೆಸರು. 1960ರ ದಶಕದಲ್ಲಿ ಇಂಗ್ಲೆಂಡಿನ ಐ.ಸಿ.ಐ. ಕಂಪನಿಯಲ್ಲಿ ರೂಪುಗೊಂಡ ಪದ್ಧತಿ ಅದು. ಪಟ್ಟಿಯಲ್ಲಿ ಖಾನೆಗಳಿರುತ್ತವೆ: ಏನು ತಪ್ಪಬಹುದು, ಯಾಕೆ, ತಪ್ಪಿದರೆ ಏನಾಗುತ್ತದೆ, ತಡೆಯಲು ಏನಿದೆ. ಈ ಕೊನೆಯ ಖಾನೆಯಲ್ಲಿ ಮೇಲಿಂದ ಮೇಲೆ ಬರುವ ವಾಕ್ಯವನ್ನು ಕನ್ನಡಕ್ಕೆ ತಂದರೆ ಹೀಗಾಗುತ್ತದೆ: ‘ಅಲಾರಂ ಇದೆ, ಆಪರೇಟರ್ ಸ್ಪಂದಿಸುತ್ತಾನೆ.’

ಇದರಲ್ಲಿ ವಿಮರ್ಶೆ ಮಾಡೋದಕ್ಕೆ ಏನಿದೆ ಅಂತ ಕೇಳಬಹುದು. ಈ ವಾಕ್ಯಕ್ಕೆ ಒಂದು ಬೆಲೆ ಇದೆ, ಅಂಕಿಯಲ್ಲಿ ಬರೆಯುವಂಥ ಬೆಲೆ. ಅಮೆರಿಕದ ರಾಸಾಯನಿಕ ಎಂಜಿನಿಯರುಗಳ ಸಂಸ್ಥೆಯ ಸುರಕ್ಷತಾ ಕೇಂದ್ರ 2001ರಲ್ಲಿ ಒಂದು ಪುಸ್ತಕ ತಂದಿತು. ‘ಲೋಪಾ’ ಅನ್ನುವ ವಿಧಾನದ ಪುಸ್ತಕ ಅದು, ಅಂದರೆ ರಕ್ಷಣೆಯ ಪದರಗಳ ವಿಶ್ಲೇಷಣೆ. ಒಂದು ಅವಘಡ 10 ವರ್ಷಕ್ಕೊಮ್ಮೆ ಶುರುವಾಗಬಹುದು ಎಂದಿಟ್ಟುಕೊಳ್ಳಿ. ಅಲಾರಂ ಕೇಳಿ ಮನುಷ್ಯ ಸರಿಯಾದ ಕೆಲಸ ಮಾಡುತ್ತಾನೆ ಎಂದು ಒಪ್ಪಿದರೆ, ಹತ್ತರಲ್ಲಿ ಒಂದು ಸಲ ಮಾತ್ರ ತಪ್ಪುತ್ತಾನೆ ಎಂದು ಲೆಕ್ಕ ಹಿಡಿಯುವುದು ವಾಡಿಕೆ. ಕೂಡಲೇ 10 ವರ್ಷಕ್ಕೊಮ್ಮೆ ಇದ್ದದ್ದು 100 ವರ್ಷಕ್ಕೊಮ್ಮೆ ಆಗುತ್ತದೆ. ಕಬ್ಬಿಣ ತಂದಿಲ್ಲ, ವಾಲ್ವ್ ಕೂಡಿಸಿಲ್ಲ. ಒಂದು ವಾಕ್ಯ ಬರೆದಾಗಿದೆ, ಕಾಗದದ ಮೇಲೆ ಅಪಾಯ ಹತ್ತು ಪಾಲು ಇಳಿದಿದೆ.

ಇದಕ್ಕೆ ಅವರ ಭಾಷೆಯಲ್ಲಿ ‘ಕ್ರೆಡಿಟ್ ಕೊಡುವುದು’ ಅನ್ನುತ್ತಾರೆ. ಕ್ರೆಡಿಟ್ ಅಂದರೆ ಶ್ರೇಯಸ್ಸು ಅಂತ ಅನುವಾದ ಮಾಡಿದರೆ ಕೇಳೋದಕ್ಕೆ ಚೆಂದ. ಆದರೆ ನಮ್ಮ ಕಡೆ ಕಿರಾಣಿ ಅಂಗಡಿಯಲ್ಲಿ ಅದಕ್ಕೆ ಇರುವ ಪದ ‘ಉದ್ರಿ’. ನನಗೆ ಈ ಪದವೇ ಹೆಚ್ಚು ಸರಿ ಅನ್ನಿಸುತ್ತದೆ. ಮೀಟಿಂಗ್ ರೂಮಿನಲ್ಲಿ ಕೂತವರು ಆಪರೇಟರನ ಹೆಸರಿನಲ್ಲಿ ಉದ್ರಿ ಬರೆಸುತ್ತಾರೆ. ತೀರಿಸಬೇಕಾದವನು ಆ ಕೋಣೆಯಲ್ಲಿ ಎಷ್ಟೋ ಸಲ ಇರುವುದೇ ಇಲ್ಲ.

ಇನ್ನು ವಾಕ್ಯದ ಕ್ರಿಯಾಪದಕ್ಕೆ ಬರೋಣ. ಇಂಗ್ಲಿಷಿನಲ್ಲಿ ಅದಕ್ಕೆ ಲಿಂಗವೂ ಇಲ್ಲ, ಮರ್ಯಾದೆಯೂ ಇಲ್ಲ. ಕನ್ನಡಕ್ಕೆ ತರುವಾಗ ‘ಸ್ಪಂದಿಸುತ್ತಾನೆ’ಯೋ ‘ಸ್ಪಂದಿಸುತ್ತಾಳೆ’ಯೋ ‘ಸ್ಪಂದಿಸುತ್ತಾರೆ’ಯೋ ಅಂತ ನಾನು ಆರಿಸಲೇಬೇಕಾಯಿತು, ಅಂದರೆ ಒಬ್ಬ ಮನುಷ್ಯನನ್ನು ಕಲ್ಪಿಸಿಕೊಳ್ಳಲೇಬೇಕಾಯಿತು. ‘ಮ್ಯಾನೇಜರ್ ಒಪ್ಪಿಗೆ ಕೊಡುತ್ತಾರೆ’ ಅಂತ ಬರೆದ ಕೈ ‘ಆಪರೇಟರ್ ಸ್ಪಂದಿಸುತ್ತಾನೆ’ ಅಂತ ತಾನಾಗಿ ಬರೆಯಿತು. ಅದನ್ನು ಹಾಗೇ ಬಿಟ್ಟಿದ್ದೇನೆ, ಯಾಕೆಂದರೆ ಆ ಏಕವಚನದಲ್ಲಿ ವಾಕ್ಯದ ನಿಜವಾದ ಧ್ವನಿ ಇದೆ.

ಅದಕ್ಕಿಂತ ಮುಖ್ಯವಾದದ್ದು ಕ್ರಿಯಾಪದದ ಅರ್ಥರೂಪ. ಹೈಸ್ಕೂಲಿನ ವ್ಯಾಕರಣದಲ್ಲಿ ನಾವೆಲ್ಲ ಓದಿದ್ದೇವೆ: ವಿಧ್ಯರ್ಥಕ, ನಿಷೇಧಾರ್ಥಕ, ಸಂಭಾವನಾರ್ಥಕ. ಸಂಭಾವನಾರ್ಥಕ ಅಂದರೆ ‘ಬಂದಾನು’, ‘ಮಾಡಿಯಾನು’, ‘ಬಿದ್ದೀತು’. ಪಠ್ಯಪುಸ್ತಕದಲ್ಲಿ ಮಾತ್ರ ಉಳಿದ ರೂಪ ಅಂತ ಕೆಲವರು ಹೇಳುವುದುಂಟು. ನಮ್ಮ ಉಮದಿ, ಸಂಖ ಕಡೆ ಬನ್ನಿ. ಶೆಡ್ಡಿನಲ್ಲಿ ದ್ರಾಕ್ಷಿ ಒಣಹಾಕಿದ ಮನೆಯಲ್ಲಿ ಮೋಡ ಕಂಡ ತಕ್ಷಣ ‘ಮಳಿ ಬಂದೀತು, ತಾಡಪತ್ರಿ ಎಳೀರಿ’ ಅನ್ನುತ್ತಾರೆ. ಎಚ್ಚರಿಕೆ ಕೊಡುವಾಗ ಹಳ್ಳಿಯ ಬಾಯಿಗೆ ಬರುವ ರೂಪವೇ ಅದು. ಆಗಬಹುದು, ಆಗದೆಯೂ ಇರಬಹುದು, ಆದರೆ ನೀನು ತಯಾರಾಗಿರು ಅನ್ನುವ ಅರ್ಥ.

ಈಗ ನಮ್ಮ ವಾಕ್ಯವನ್ನು ನೋಡಿ. ಪಟ್ಟಿ ತುಂಬುವ ದಿನ ಅದು ‘ಸ್ಪಂದಿಸುತ್ತಾನೆ’ ಎಂದಿರುತ್ತದೆ: ಸೂರ್ಯ ಮೂಡುತ್ತಾನೆ ಅನ್ನುವಷ್ಟು ಖಚಿತ. ಲೆಕ್ಕದ ಹಾಳೆಗೆ ಹೋದಾಗ, ಹತ್ತರಲ್ಲಿ ಒಂದು ಸಲ ತಪ್ಪಬಹುದು ಎಂಬ ಅಂಕಿಯ ಜೊತೆಗೆ, ಅದು ಗುಟ್ಟಾಗಿ ‘ಸ್ಪಂದಿಸಿಯಾನು’ ಆಗುತ್ತದೆ. ಅವಘಡ ಆದಮೇಲೆ ತನಿಖೆಯವರು ಬಂದಾಗ ಅದೇ ವಾಕ್ಯ ವಿಧ್ಯರ್ಥಕ್ಕೆ ತಿರುಗುತ್ತದೆ: ‘ಸ್ಪಂದಿಸಬೇಕಿತ್ತು.’ ಹತ್ತರಲ್ಲಿ ಒಂದು ಸಲ ತಪ್ಪುತ್ತಾನೆ ಅಂತ ತಾವೇ ಮೊದಲು ಬರೆದಿದ್ದರು. ಆ ಒಂದು ಸಲ ಬಂದಾಗ ಅದನ್ನು ಅಪರಾಧ ಅನ್ನುತ್ತಾರೆ. ನನ್ನ ತಕರಾರು ಇಲ್ಲಿಂದ ಶುರುವಾಗುತ್ತದೆ.

ಎಂಜಿನಿಯರಿಂಗ್ ಶಾಸ್ತ್ರಕ್ಕೆ ಇದು ಗೊತ್ತಿಲ್ಲ ಅಂತ ಹೇಳಿದರೆ ಅನ್ಯಾಯ. ಟ್ರೆವರ್ ಕ್ಲೆಟ್ಜ್ ಎಂಬ ಸುರಕ್ಷತಾ ತಜ್ಞರು ಮನುಷ್ಯರ ತಪ್ಪುಗಳ ಬಗ್ಗೆ ಬರೆದ ಪುಸ್ತಕ 1985ರಲ್ಲೇ ಬಂತು. ಆಪರೇಟರ್ ಯಾವಾಗಲೂ ಸರಿಯಾದ ವಾಲ್ವ್ ಮುಚ್ಚುತ್ತಾನೆ ಅನ್ನುವುದೂ ತಪ್ಪು, ಎಂದೂ ಮುಚ್ಚುವುದಿಲ್ಲ ಅನ್ನುವುದೂ ತಪ್ಪು ಎಂಬುದು ಅವರ ವಾದ. ಗದ್ದಲದ ಕಂಟ್ರೋಲ್ ರೂಮಿಗೂ ಶಾಂತವಾದ ಕಂಟ್ರೋಲ್ ರೂಮಿಗೂ ಬೇರೆ ಬೇರೆ ಅಂಕಿ ಹಿಡಿಯಬೇಕು ಅಂತ ಅವರು ಹೇಳಿದರು. ಲೋಪಾ ಕೂಡ ಷರತ್ತು ಹಾಕುತ್ತದೆ: ರಕ್ಷಣೆ ಸ್ವತಂತ್ರವಾಗಿರಬೇಕು, ನಿಜವಾಗಿ ಕೆಲಸ ಮಾಡುವಂತಿರಬೇಕು, ಪರೀಕ್ಷಿಸಿ ನೋಡುವಂತಿರಬೇಕು. ತೊಂದರೆ ಶಾಸ್ತ್ರದಲ್ಲಿಲ್ಲ. ಷರತ್ತುಗಳೆಲ್ಲ ಉದುರಿ ಎರಡು ಪದದ ವಾಕ್ಯವಾಗಿ ಖಾನೆಯೊಳಗೆ ಕೂತಾಗ ತೊಂದರೆ ಆಗುತ್ತದೆ. ಅದಕ್ಕೇ ಇದು ಭಾಷೆಯ ಪ್ರಶ್ನೆ ಅಂತ ನಾನು ವಾದಿಸುತ್ತಿದ್ದೇನೆ.

ಸ್ವತಂತ್ರ ಅನ್ನುವುದನ್ನೇ ತೆಗೆದುಕೊಳ್ಳಿ. ಇಂಗ್ಲೆಂಡಿನ ಬನ್ಸ್‌ಫೀಲ್ಡ್‌ನಲ್ಲಿ 2005ರ ಡಿಸೆಂಬರ್ 11ರಂದು ಪೆಟ್ರೋಲ್ ತುಂಬುತ್ತಿದ್ದ 912ನೇ ಟ್ಯಾಂಕಿನ ಮಟ್ಟದ ಮಾಪಕ ಬೆಳಗಿನ ಜಾವ 3ರ ಸುಮಾರಿಗೆ ಅಂಟಿಕೊಂಡು ನಿಂತಿತು. ಟ್ಯಾಂಕ್ ತುಂಬುತ್ತಲೇ ಇತ್ತು. ಮೂರು ಹಂತದ ಅಲಾರಂಗಳು ಇದ್ದವು, ಮೂರೂ ಆ ಒಂದೇ ಮಾಪಕವನ್ನು ನಂಬಿದ್ದವು. ಒಂದೂ ಬಡಿಯಲಿಲ್ಲ. ಬೇರೆಯಾಗಿ ಇಟ್ಟಿದ್ದ ಕೊನೆಯ ಸ್ವಿಚ್ ಕೂಡ ಸರಿಯಾಗಿ ಜೋಡಿಸದೆ ನಿಷ್ಕ್ರಿಯವಾಗಿತ್ತು. 6 ಗಂಟೆಗೆ ಸ್ಫೋಟ. ಭಾನುವಾರ ಬೆಳಿಗ್ಗೆ ಆದ್ದರಿಂದ ಯಾರೂ ಸಾಯಲಿಲ್ಲ, 43 ಜನಕ್ಕೆ ಗಾಯವಾಯಿತು. ಆ ಮಾಪಕ ಹಿಂದಿನ ಮೂರು ತಿಂಗಳಿಂದೀಚೆಗೆ 14 ಸಲ ಅಂಟಿಕೊಂಡಿತ್ತು. ಇಲ್ಲಿ ಆಪರೇಟರ್ ಸ್ಪಂದಿಸುತ್ತಾನೋ ಇಲ್ಲವೋ ಅನ್ನುವ ಪ್ರಶ್ನೆಯೇ ಏಳುವುದಿಲ್ಲ. ಯಾವ ಮಾಪಕ ಕೆಟ್ಟರೆ ಅಪಾಯ ಬರುತ್ತದೋ ಅದೇ ಮಾಪಕ ಅವನನ್ನು ಕೂಗಬೇಕಿತ್ತು.

ಅದೇ ವರ್ಷ ಮಾರ್ಚ್ 23ರಂದು ಅಮೆರಿಕದ ಟೆಕ್ಸಾಸ್ ಸಿಟಿಯ ಬಿ.ಪಿ. ರಿಫೈನರಿಯಲ್ಲಿ 15 ಜನ ಸತ್ತರು. ಅಲ್ಲಿ ಮೊದಲ ಅಲಾರಂ ಬಡಿದಿತ್ತು. ಒತ್ತಿ ಸುಮ್ಮನಾಗಿಸಿದರು, ಯಾಕೆಂದರೆ ಘಟಕ ಶುರು ಮಾಡುವಾಗ ಆ ಮಟ್ಟಕ್ಕಿಂತ ಮೇಲೆ ತುಂಬುವುದು ಅಲ್ಲಿ ರೂಢಿಯೇ ಆಗಿತ್ತು. ಅದರ ಮೇಲಿನ ಎರಡನೇ ಅಲಾರಂ ಬಡಿಯಲೇ ಇಲ್ಲ. ಆಮೇಲೆ ಗೋಪುರ ತುಂಬುತ್ತಾ ಹೋದಾಗ ಮಾಪಕ ಮಟ್ಟ ಇಳಿಯುತ್ತಿದೆ ಅಂತ ತೋರಿಸುತ್ತಿತ್ತು. ಹಗಲು ಪಾಳಿಯ ಬೋರ್ಡ್ ಆಪರೇಟರ್ 29 ಅಥವಾ ಅದಕ್ಕೂ ಹೆಚ್ಚು ದಿನ ರಜೆಯಿಲ್ಲದೆ 12 ಗಂಟೆಯ ಪಾಳಿ ಮಾಡಿದ್ದ, ಮೂರು ಘಟಕಗಳನ್ನು ಒಬ್ಬನೇ ನೋಡುತ್ತಿದ್ದ ಎಂದು ತನಿಖಾ ವರದಿ ದಾಖಲಿಸಿದೆ. ನಮ್ಮ ವಾಕ್ಯದಲ್ಲಿ ‘ಆಪರೇಟರ್’ ಅನ್ನುವ ಕರ್ತೃಪದಕ್ಕೆ ಇಂಥ ವಿಶೇಷಣ ಯಾವುದೂ ಇರುವುದಿಲ್ಲ. ಎಷ್ಟನೇ ದಿನದ ಪಾಳಿ, ಜೊತೆಗೆ ಯಾರಿದ್ದಾರೆ, ಎಷ್ಟು ಪರದೆ ಮುಂದಿವೆ, ಏನೂ ಇಲ್ಲ. ನಾವು ಕಥೆ ಬರೆದು ಇಂಥ ಪಾತ್ರ ಇಟ್ಟರೆ ಮೇಷ್ಟ್ರು ‘ಪಾತ್ರ ಬೆಳೆದಿಲ್ಲ’ ಅಂತ ಬರೆದು ವಾಪಸ್ ಕೊಡುತ್ತಾರೆ.

ನನಗೆ ಹತ್ತಿರವಾದ ಉದಾಹರಣೆ ಬಾಯ್ಲರ್. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ನಮ್ಮ ಜಿಲ್ಲೆ, ಆಚೆ ಅಥಣಿ, ಬಾಗಲಕೋಟೆ, ಎಲ್ಲ ಕಡೆ ಸಕ್ಕರೆ ಕಾರ್ಖಾನೆಗಳು. ಜತ್ತ ತಾಲೂಕಿನ ಎಷ್ಟೋ ಹುಡುಗರು ಹಂಗಾಮಿನಲ್ಲಿ ಅಲ್ಲಿಗೇ ಹೋಗುತ್ತಾರೆ. ನನ್ನ ಸೋದರಮಾವ ಅಂಥ ಒಂದು ಕಡೆ ಬಾಯ್ಲರ್ ಅಟೆಂಡೆಂಟ್. ಬಾಯ್ಲರ್ ಡ್ರಮ್ಮಿನಲ್ಲಿ ನೀರಿನ ಮಟ್ಟ ಇಳಿದರೆ ಅಲಾರಂ ಬಡಿಯುತ್ತದೆ. ‘ಆಪರೇಟರ್ ಸ್ಪಂದಿಸುತ್ತಾನೆ.’ ಏನು ಮಾಡ್ತಾನೆ? ಓದುವ ನಮಗೆ ತಟ್ಟನೆ ಹೊಳೆಯೋದು: ನೀರು ಬಿಡ್ತಾನೆ. ಮಾವನನ್ನು ಕೇಳಿದೆ. ಅವನು ಹೇಳಿದ್ದು: ‘ಗಾಜಿನ್ಯಾಗ ನೀರು ಕಾಣ್ತಿದ್ರ ಪಂಪ್ ನೋಡಬೇಕು. ನೀರ ಕಾಣವಲ್ದು ಅಂದ್ರ ನೀರು ಬಿಡಬಾರದವ್ವಾ. ಮೊದಲ ಬೆಂಕಿ ಕೊಲ್ಲಬೇಕು.’

ಇದು ಅವನೊಬ್ಬನ ಮಾತಲ್ಲ, ಬಾಯ್ಲರ್ ಕೆಲಸ ಕಲಿತವರೆಲ್ಲರಿಗೂ ಮೊದಲು ಹೇಳಿಕೊಡುವ ನಿಯಮ. ನೀರಿಲ್ಲದೆ ಕೆಂಪಗೆ ಕಾದ ಲೋಹದ ಮೇಲೆ ನೀರು ಬಿದ್ದರೆ ಒಮ್ಮೆಲೇ ಉಗಿಯಾಗಿ ಒತ್ತಡ ಏರುತ್ತದೆ, ಕಾದು ಬಲ ಕಳೆದುಕೊಂಡ ಕೊಳವೆಗಳು ಅದನ್ನು ತಡೆಯುವುದಿಲ್ಲ. ಅಂದರೆ ಒಂದೇ ಅಲಾರಂಗೆ ಎರಡು ಸ್ಪಂದನೆ ಇವೆ. ಒಂದು ಕಾಪಾಡುತ್ತದೆ, ಒಂದು ಕೊಲ್ಲುತ್ತದೆ. ಯಾವುದು ಯಾವಾಗ ಅನ್ನುವುದನ್ನು ಗಾಜು ನೋಡಿ ತೀರ್ಮಾನಿಸಬೇಕು. ಅದಕ್ಕೇ ಬಾಯ್ಲರಿಗೆ ಎರಡು ಗಾಜು ಇಡುವುದು. ಬಗ್ಯಾಸ್ ಉರಿಸುವ ಬಾಯ್ಲರಿನಲ್ಲಿ ಇನ್ನೊಂದು ತೊಡಕು: ಇಂಧನ ನಿಲ್ಲಿಸಿದರೂ ಜಾಲರಿಯ ಮೇಲೆ ಬಿದ್ದದ್ದು ಉರಿಯುತ್ತಲೇ ಇರುತ್ತದೆ, ಗ್ಯಾಸ್ ಒಲೆಯ ಹಾಗೆ ಕಿವಿ ತಿರುವಿದರೆ ಆರುವುದಿಲ್ಲ. ದೊಡ್ಡ ಬಾಯ್ಲರಿನಲ್ಲಿ ಫೀಡ್ ಪಂಪ್ ನಿಂತರೆ ಡ್ರಮ್ಮಿನ ನೀರು ಕೆಲವೇ ನಿಮಿಷದ್ದು. ಅಷ್ಟರಲ್ಲಿ ಅಲಾರಂ ಕೇಳಬೇಕು, ಯಾವುದು ಅಂತ ತಿಳಿಯಬೇಕು, ಗಾಜು ನೋಡಬೇಕು, ನಿರ್ಧಾರ ಮಾಡಬೇಕು, ಮಾಡಿದ್ದು ಫಲ ಕೊಡಬೇಕು. ಇವೆಲ್ಲ ‘ಸ್ಪಂದಿಸುತ್ತಾನೆ’ ಅನ್ನುವ ಒಂದು ಪದದ ಹೊಟ್ಟೆಯಲ್ಲಿವೆ. ಕಂಟ್ರೋಲ್ ರೂಮಿನಲ್ಲೇ ಕೂತು ಮಾಡುವ ಕೆಲಸಕ್ಕೂ ಕನಿಷ್ಠ 10 ನಿಮಿಷ ಸಿಗಬೇಕು, ಇಲ್ಲದಿದ್ದರೆ ಕ್ರೆಡಿಟ್ ಬೇಡ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಆ ಲೆಕ್ಕ ಹಿಡಿದರೆ ಇಲ್ಲಿ ವಾಕ್ಯ ಹೊಡೆದುಹಾಕಬೇಕು, ನೀರು ತೀರಾ ಇಳಿದಾಗ ತಾನಾಗಿ ಬಾಯ್ಲರ್ ನಿಲ್ಲಿಸುವ ವ್ಯವಸ್ಥೆಯನ್ನೇ ಆ ಖಾನೆಯಲ್ಲಿ ಬರೆಯಬೇಕು.

ಇನ್ನೊಂದು ಕಥೆ. ‘ತೋಳ ಬಂತು ತೋಳ’ ನಮಗೆಲ್ಲ ಗೊತ್ತು. ಕುರಿ ಕಾಯುವ ಹುಡುಗ ಸುಳ್ಳು ಕೂಗುತ್ತಾನೆ, ಊರವರು ಓಡಿ ಬಂದು ಬೇಸತ್ತು ಹೋಗುತ್ತಾರೆ, ಕೊನೆಗೆ ನಿಜವಾಗಿ ತೋಳ ಬಂದಾಗ ಯಾರೂ ಬರುವುದಿಲ್ಲ. ನೀತಿ ಹುಡುಗನಿಗೆ. ಊರವರು ಬರಬೇಕಿತ್ತು ಅಂತ ಯಾವ ಮೇಷ್ಟ್ರೂ ಹೇಳಿಲ್ಲ. ಕಾರ್ಖಾನೆಯಲ್ಲಿ ಸುಳ್ಳು ಕೂಗುವ ಹುಡುಗ ಮಾಪಕ, ಊರವರು ಆಪರೇಟರುಗಳು. ಆದರೆ ಅಲ್ಲಿ ನೀತಿ ತಲೆಕೆಳಗು: ಕೊನೆಯ ಸಲ ಯಾಕೆ ಓಡಿ ಬರಲಿಲ್ಲ ಅಂತ ಊರವರನ್ನು ಕೇಳುತ್ತಾರೆ. ಬ್ರಿಟನ್ನಿನ ಮಿಲ್ಫರ್ಡ್ ಹೇವನ್‌ನ ಟೆಕ್ಸಾಕೊ ರಿಫೈನರಿಯಲ್ಲಿ 1994ರ ಜುಲೈ 24ರಂದು ಸ್ಫೋಟಕ್ಕೆ ಮುಂಚಿನ 11 ನಿಮಿಷದಲ್ಲಿ ಇಬ್ಬರು ಆಪರೇಟರುಗಳ ಮುಂದೆ 275 ಅಲಾರಂ ಬಂದವು. ಎರಡೂವರೆ ಸೆಕೆಂಡಿಗೆ ಒಂದರಂತೆ ಆಯಿತು. ಆಮೇಲೆ ಬಂದ ಮಾರ್ಗಸೂಚಿ 10 ನಿಮಿಷಕ್ಕೆ ಒಂದಕ್ಕಿಂತ ಹೆಚ್ಚು ಇರಬಾರದು ಅನ್ನುವ ಮಟ್ಟವನ್ನು ಹೇಳಿತು. 275ರಲ್ಲಿ ಪ್ರತಿಯೊಂದರ ಎದುರಿಗೂ ಯಾವುದೋ ಪಟ್ಟಿಯಲ್ಲಿ ‘ಆಪರೇಟರ್ ಸ್ಪಂದಿಸುತ್ತಾನೆ’ ಅಂತ ಬರೆಯಬಹುದು. ಒಂದೊಂದಾಗಿ ಓದಿದರೆ ಎಲ್ಲ ನಿಜ. ಒಟ್ಟಿಗೆ ಓದಿದರೆ ಅಸಾಧ್ಯ. ಪಟ್ಟಿಯನ್ನು ಸಾಲು ಸಾಲಾಗಿ ತುಂಬುತ್ತಾರೆ, ಆಪರೇಟರನಿಗೆ ಅದು ಸಾಲು ಸಾಲಾಗಿ ಬರುವುದಿಲ್ಲ.

ಭೋಪಾಲದಲ್ಲಿ 1984ರ ಡಿಸೆಂಬರ್ 2ರ ರಾತ್ರಿ ಏನಾಯಿತು ಅನ್ನುವುದನ್ನು ಈ ಕಣ್ಣಿನಿಂದ ಮತ್ತೆ ಓದಬೇಕು. 610ನೇ ಟ್ಯಾಂಕಿನ ಒತ್ತಡ ಏರಿದ್ದು ಕಂಡರೂ ಅದು ವಿಶೇಷ ಅನ್ನಿಸಲಿಲ್ಲ, ಏಕೆಂದರೆ ಅಲ್ಲಿನ ಮಾಪಕಗಳು ತಪ್ಪು ತೋರಿಸುವುದು ಮಾಮೂಲಾಗಿತ್ತು. ರಾತ್ರಿ 11.30ರ ಹೊತ್ತಿಗೆ ಕೆಲಸಗಾರರ ಕಣ್ಣು ಉರಿಯತೊಡಗಿತು. ಸೋರಿಕೆ ಎಲ್ಲಿ ಅಂತ ಚಹಾ ಆದಮೇಲೆ ನೋಡೋಣ ಎಂದಾಯಿತು. ಈ ಚಹಾದ ಪ್ರಸಂಗವನ್ನು ಕೆಲಸಗಾರರ ಬೇಜವಾಬ್ದಾರಿಗೆ ಸಾಕ್ಷಿಯಾಗಿ ಹೇಳುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ತಣ್ಣಗಿಡುವ ಯಂತ್ರ ನಿಲ್ಲಿಸಿ ತಿಂಗಳುಗಳಾಗಿದ್ದವು, ಸೋರಿದ್ದನ್ನು ಸುಡುವ ಗೋಪುರದ ಕೊಳವೆ ಬಿಚ್ಚಿಟ್ಟಿತ್ತು, ಆ ಘಟಕದ ಪಾಳಿಯನ್ನು 12 ಜನರಿಂದ 6ಕ್ಕೆ ಇಳಿಸಿದ್ದರು. ಉಳಿದ ರಕ್ಷಣೆಗಳನ್ನೆಲ್ಲ ತೆಗೆದು, ಕೊನೆಗೆ ಮನುಷ್ಯನ ಕಣ್ಣುರಿಯನ್ನೇ ಅಲಾರಂ ಮಾಡಿಟ್ಟ ಜಾಗ ಅದು.

ವಿಶಾಖಪಟ್ಟಣದ ಎಲ್.ಜಿ. ಪಾಲಿಮರ್ಸ್‌ನಲ್ಲಿ 2020ರ ಮೇ 7ರ ನಸುಕಿನಲ್ಲಿ 12 ಜನ ಸತ್ತರು. ಸೈರನ್ ಒತ್ತಲು 36 ಜಾಗಗಳಿದ್ದವು, ಒಂದೂ ಒತ್ತಲಿಲ್ಲ ಎಂದು ಆಂಧ್ರ ಸರ್ಕಾರದ ಸಮಿತಿ ಹೇಳಿತು. ಎಲ್ಲರೂ ಆ 36ನ್ನು ಎತ್ತಿ ಆಡಿದರು. ಆದರೆ ಅದೇ ಸಮಿತಿ ಇನ್ನೊಂದನ್ನೂ ಹೇಳಿತ್ತು: ಆ ಟ್ಯಾಂಕಿನ ಉಷ್ಣತೆ ಅಳೆಯುವ ವ್ಯವಸ್ಥೆ ತಳದಲ್ಲಿ ಮಾತ್ರ ಇತ್ತು. ಮೇಲಿನ ಪದರ ಕಾಯುತ್ತಿದ್ದುದು ಯಾರಿಗೂ ಕಾಣುವಂತಿರಲಿಲ್ಲ.

ಇನ್ನು ನಮ್ಮ ಗಡಿಯ ಮಾತು. ಭೋಪಾಲದಲ್ಲಿ ಕೈಪಿಡಿಗಳು ಇಂಗ್ಲಿಷಿನಲ್ಲಿದ್ದವು, ಓದಬೇಕಾದವರು ಹಿಂದಿಯವರು. ಜತ್ತದಿಂದ ಕುಪ್ಪವಾಡದ ಎಂ.ಐ.ಡಿ.ಸಿ.ಗೋ ಕೊಲ್ಲಾಪುರಕ್ಕೋ ಹೋಗುವ ಹುಡುಗ ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ಮರಾಠಿ, ಪರದೆಯ ಮೇಲೆ ಇಂಗ್ಲಿಷ್. 1948ರ ಕಾರ್ಖಾನೆ ಕಾಯ್ದೆಯ 108ನೇ ಕಲಂ ಸೂಚನಾಫಲಕಗಳು ಇಂಗ್ಲಿಷಿನಲ್ಲೂ ಬಹುಪಾಲು ಕೆಲಸಗಾರರಿಗೆ ತಿಳಿಯುವ ಒಂದು ಭಾಷೆಯಲ್ಲೂ ಇರಬೇಕು ಅನ್ನುತ್ತಿತ್ತು. ‘ಬಹುಪಾಲು’ ಅನ್ನುವ ಪದ ನೋಡಿ. ಸಾಂಗಲಿಯಲ್ಲಿ ಬಹುಪಾಲು ಅಂದರೆ ಮರಾಠಿ. ನಾವು ಆ ಕಲಮಿನ ಹೊರಗೆ ಉಳಿಯುತ್ತೇವೆ. ಹಗಲು ಹೊತ್ತು ಇದರಿಂದ ಏನೂ ಆಗುವುದಿಲ್ಲ, ನಮ್ಮವರಿಗೆ ಮರಾಠಿ ಚೆನ್ನಾಗಿಯೇ ಬರುತ್ತದೆ. ಆದರೆ ರಾತ್ರಿ 3 ಗಂಟೆಗೆ, ಎರಡು ನಿಮಿಷದಲ್ಲಿ, ಇಂಗ್ಲಿಷಿನ ಸಂಕ್ಷಿಪ್ತಾಕ್ಷರಗಳಲ್ಲಿ ಬಂದ ಒಂದು ಸಾಲನ್ನು ಓದಿ, ಅರ್ಥ ಮಾಡಿಕೊಂಡು, ವಾಕಿಟಾಕಿಯಲ್ಲಿ ಇನ್ನೊಬ್ಬನಿಗೆ ಮರಾಠಿಯಲ್ಲಿ ಹೇಳಬೇಕು. ಆ ಅನುವಾದಕ್ಕೆ ಬೇಕಾದ ಸೆಕೆಂಡುಗಳನ್ನು ಯಾರ ಲೆಕ್ಕದಲ್ಲೂ ಹಿಡಿದದ್ದು ನಾನು ನೋಡಿಲ್ಲ. 2024ರ ನವೆಂಬರ್‌ನಲ್ಲಿ ನಮ್ಮದೇ ಜಿಲ್ಲೆಯ ಕಡೇಗಾಂವ ತಾಲೂಕಿನ ಶಾಳಗಾಂವ ಎಂ.ಐ.ಡಿ.ಸಿ.ಯಲ್ಲಿ ಅನಿಲ ಸೋರಿ ಮೂವರು ಸತ್ತ ಮೇಲೆ ನಮ್ಮ ಊರಿನ ಮನೆಗಳಲ್ಲಿ ಇಂಥ ಪ್ರಶ್ನೆಗಳು ಸಾಮಾನ್ಯವಾಗಿವೆ. ಸೆಮಿನಾರಿನಲ್ಲಿ ಕೇಳಿದರೆ ಮಾತ್ರ ಹೊಸದಾಗಿ ಕಾಣುತ್ತವೆ.

ಚಾಟ್‌ನಲ್ಲಿ ಒಂದು ಪ್ರಶ್ನೆ ಬಂದಿದೆ, ಓದುತ್ತೇನೆ: ‘ಹಾಗಾದರೆ ಮನುಷ್ಯನನ್ನು ರಕ್ಷಣೆ ಅಂತ ಲೆಕ್ಕಕ್ಕೆ ಹಿಡಿಯಲೇಬಾರದು ಅಂತೀರಾ? ಯಂತ್ರವನ್ನೇ ನಂಬಬೇಕಾ?’

ಇಲ್ಲ ಸರ್, ಹಾಗೆ ಹೇಳುತ್ತಿಲ್ಲ. ಜೋಳದ ಹೊಲದಲ್ಲಿ ಅಟ್ಟದ ಮೇಲೆ ಕವಣೆ ಹಿಡಿದು ನಿಂತವನು ಒಳ್ಳೆಯ ಕಾವಲು. ಅವನಿಗೆ ಹೊಲ ಕಾಣುತ್ತದೆ, ಹಕ್ಕಿ ಯಾವುದು ಅಂತ ಗೊತ್ತು, ಕೈಯಲ್ಲಿ ಕಲ್ಲಿದೆ, ಬೇರೆ ಕೆಲಸ ಇಲ್ಲ. ಅಂಥವನಿಗೆ ಲೆಕ್ಕದಲ್ಲಿ ಜಾಗ ಕೊಡಲೇಬೇಕು, ಕೊಡದಿದ್ದರೆ ಅವನ ಕೆಲಸಕ್ಕೆ ಅವಮಾನ. ಎಷ್ಟೋ ಅವಘಡಗಳು ಆಗದೆ ಉಳಿದದ್ದು ಇಂಥವರಿಂದಲೇ. ಎಲ್ಲದಕ್ಕೂ ತಾನಾಗಿ ನಿಲ್ಲುವ ಯಂತ್ರ ಕೂಡಿಸಿದರೆ ಅದೂ ಸುಮ್ಮಸುಮ್ಮನೆ ನಿಂತು, ಮತ್ತೆ ಶುರು ಮಾಡುವಾಗಲೇ ಹೊಸ ಅಪಾಯ ತರುತ್ತದೆ, ಟೆಕ್ಸಾಸ್ ಸಿಟಿಯ ಸ್ಫೋಟ ಆದದ್ದೂ ಶುರು ಮಾಡುವಾಗಲೇ. ಹಾಗಾಗಿ ನನ್ನ ಬೇಡಿಕೆ ವಾಕ್ಯವನ್ನು ಪೂರ್ತಿ ಬರೆಯಿರಿ ಅನ್ನುವುದು. ಬಾಯ್ಲರಿಗೆ ನಾನೇ ಮಾವನ ಜೊತೆ ಕೂತು ಒಂದು ಕರಡು ಮಾಡಿದೆ:

‘ಪಂಪ್ ನಡೆಸುವ ಮಾಪಕದಿಂದ ಬೇರೆಯಾದ ಇನ್ನೊಂದು ಮಾಪಕದಿಂದ ಅಲಾರಂ ಬರುತ್ತದೆ. ಆ ಪಾಳಿಯಲ್ಲಿ ನೀರಿನ ಮಟ್ಟ ನೋಡುವುದು ಬಿಟ್ಟು ಬೇರೆ ಕೆಲಸವಿಲ್ಲದ ಒಬ್ಬ ಅಟೆಂಡೆಂಟ್ ಇರುತ್ತಾನೆ. ಅವನು ಗಾಜು ನೋಡುತ್ತಾನೆ. ನೀರು ಕಂಡರೆ ಎರಡನೇ ಪಂಪ್ ಹಾಕುತ್ತಾನೆ. ಕಾಣದಿದ್ದರೆ ನೀರು ಬಿಡದೆ ಬಗ್ಯಾಸ್ ನಿಲ್ಲಿಸಿ ಗಾಳಿ ಕೊಡುವ ಫ್ಯಾನ್ ಬಂದ್ ಮಾಡುತ್ತಾನೆ. ಹಾಗೆ ಬಾಯ್ಲರ್ ನಿಲ್ಲಿಸಿದ್ದಕ್ಕೆ ಅವನ ಮೇಲೆ ಕ್ರಮ ಇಲ್ಲ. ಹಂಗಾಮು ಶುರುವಾಗುವ ಮುಂಚೆ ಇದನ್ನು ಮಾಡಿಸಿ, ಗಡಿಯಾರ ಹಿಡಿದು ನೋಡಲಾಗಿದೆ.’

‘ಕ್ರಮ ಇಲ್ಲ’ ಅನ್ನುವ ಸಾಲು ಮಾವ ಹೇಳಿ ಸೇರಿಸಿದ್ದು. ಕಬ್ಬು ನುರಿಸುವುದು ನಿಂತರೆ ಗಂಟೆಗೆ ಎಷ್ಟು ನಷ್ಟ ಅಂತ ಎಲ್ಲರಿಗೂ ಗೊತ್ತಿರುತ್ತದೆ, ನಿಲ್ಲಿಸಿದವನ ಹೆಸರೂ ಗೊತ್ತಿರುತ್ತದೆ. ನಾನು ಓದಿದ ಮಾರ್ಗಸೂಚಿಗಳಲ್ಲಿ ನಿಮಿಷ, ತರಬೇತಿ, ಮಾಪಕ ಎಲ್ಲ ಬರುತ್ತವೆ. ಈ ಹೆದರಿಕೆಗೆ ಅಂಕಿ ಕೊಟ್ಟದ್ದು ಕಾಣಲಿಲ್ಲ.

ಇನ್ನೊಂದು ಪ್ರಶ್ನೆ ಇದೆ: ಇದು ವಿಮರ್ಶೆಯೋ, ಕಾರ್ಖಾನೆ ಇನ್ಸ್‌ಪೆಕ್ಟರ್ ವರದಿಯೋ ಅಂತ. (ನಗು) ಕರ್ತೃ ಯಾರು, ಕ್ರಿಯೆ ಏನು, ಕಾಲ ಯಾವುದು, ಯಾರ ಪರವಾಗಿ ಯಾರು ಮಾತಾಡುತ್ತಿದ್ದಾರೆ ಅಂತ ಕೇಳೋದನ್ನು ನನಗೆ ಕಲಿಸಿದ್ದು ಈ ವಿಭಾಗವೇ. ಕಾವ್ಯಕ್ಕೆ ಕೇಳುವ ಪ್ರಶ್ನೆಯನ್ನೇ ಇದಕ್ಕೂ ಕೇಳಿದೆ. ಸಮಯ ಮುಗಿದಿದೆ ಅಂತ ಅಧ್ಯಕ್ಷರು ಸೂಚಿಸುತ್ತಿದ್ದಾರೆ, ನಿಲ್ಲಿಸುತ್ತೇನೆ.